ಸ್ಕೂಟರ್‌ಗೆ ಹೊರಗಿನ ಪಾರ್ಟ್ ಹಾಕಿಸುವ ಮುನ್ನ: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಪುಣೆಯ ನಾನಾ ಪೇಠೆಯಲ್ಲಿ ಒಂದು ಸುತ್ತು ಹಾಕಿದರೆ ಸ್ಕೂಟರ್‌ಗೆ ಏನೇನು ಹಾಕಿಸಬಹುದೋ ಎಲ್ಲ ಕಣ್ಣಿಗೆ ಬೀಳುತ್ತದೆ. ಸೈಲೆನ್ಸರ್, ಹಗುರ ರೋಲರ್, ಎಲ್‌ಇಡಿ ಬಲ್ಬ್, ಇರಿಡಿಯಂ ಸ್ಪಾರ್ಕ್ ಪ್ಲಗ್, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್, ಅಗಲದ ಟೈರ್, ಮುಂದೆ ಹಿಂದೆ ಕ್ರ್ಯಾಶ್ ಗಾರ್ಡ್. ಬಹಳಷ್ಟು ಪಾರ್ಟ್‌ಗೆ ಕೇಳಿಬರುವ ಭರವಸೆ ಒಂದೇ: ಪಿಕಪ್ ಏರುತ್ತದೆ, ಆವರೇಜ್ (ಲೀಟರ್‌ಗೆ ಓಡುವ ದೂರ, ಅಂದರೆ ಮೈಲೇಜ್) ಬರುತ್ತದೆ. ವಿಜಯಪುರ, ಬೆಳಗಾವಿ, ಬೀದರ್ ಕಡೆಯಿಂದ ಬಂದು ಹಿಂಜವಡಿ, ಹಡಪಸರ್, ಪಿಂಪ್ರಿಯಲ್ಲಿ ದುಡಿಯುವ ನಮ್ಮ ಹುಡುಗರು ಗ್ಯಾರೇಜಿಗೆ ಬಂದು ಕೇಳುವುದೂ ಅದನ್ನೇ. "ಕಾಕಾ, ಏನ್ ಹಾಕ್ಸಿದ್ರ ಗಾಡಿ ಚಲೋ ಓಡ್ತದ್ರೀ?"

ಸ್ಕೂಟರ್ ಬಿಚ್ಚಿ ಕಟ್ಟುವ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಎಂಜಿನ್‌ನ ಶಕ್ತಿ ಹೆಚ್ಚಿಸುತ್ತೇವೆ ಎಂದು ಮಾರುವ ಪಾರ್ಟ್‌ಗಳಿಂದ ಸಿಗುವುದು ಬಹಳ ಕಡಿಮೆ. ರಸ್ತೆಗೆ ತಾಗುವ, ಗಾಡಿ ನಿಲ್ಲಿಸುವ, ದಾರಿ ತೋರಿಸುವ ಪಾರ್ಟ್‌ಗಳಿಂದ ಸಿಗುವುದು ಬಹಳ. ಆದರೆ ಇವೆರಡಕ್ಕೂ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. ಅದನ್ನು ಹೆಚ್ಚಿನವರು ಮಾಡುವುದೇ ಇಲ್ಲ.

ಮೊದಲ ಹೆಜ್ಜೆ: ಈಗ ಗಾಡಿ ಹೇಗಿದೆ ಎಂದು ಅಳೆದಿಡಿ

ಹೊಸ ಪಾರ್ಟ್ ಹಾಕಿಸಿದ ದಿನ ಎಲ್ಲರಿಗೂ ಗಾಡಿ ಚೆನ್ನಾಗಿಯೇ ಓಡುತ್ತದೆ. ಸದ್ದು ಜಾಸ್ತಿಯಾದರೆ ವೇಗವೂ ಜಾಸ್ತಿಯಾದಂತೆ ಅನಿಸುತ್ತದೆ. ಆದ್ದರಿಂದ ಅನಿಸಿಕೆ ನಂಬಬೇಡಿ, ಅಂಕಿ ಬರೆದಿಡಿ.

ಆವರೇಜ್ ನೋಡಲು ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್. ನಳಿಕೆ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಕಿಲೋಮೀಟರ್ ಬರೆದುಕೊಳ್ಳಿ. ನೂರೈವತ್ತು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಅಲ್ಲೇ, ಹಾಗೆಯೇ ತುಂಬಿಸಿ. ಓಡಿದ ದೂರವನ್ನು ಈ ಸಲ ಹಿಡಿದ ಲೀಟರ್‌ನಿಂದ ಭಾಗಿಸಿದರೆ ಲೆಕ್ಕ ಸಿಕ್ಕಿತು. ಆದರೆ ಒಂದು ಸಲ ಮಾಡಿ ನಿಲ್ಲಿಸಬೇಡಿ. ನಮ್ಮ ಸ್ಕೂಟರ್‌ಗಳ ಟ್ಯಾಂಕೇ ಐದಾರು ಲೀಟರ್‌ನದು. ನಾಲ್ಕು ಲೀಟರ್ ತುಂಬುವಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೂ ಲೆಕ್ಕ ಎಂಟರಲ್ಲಿ ಒಂದು ಪಾಲು ತಪ್ಪುತ್ತದೆ. ಮಾರುವವರು ಹೇಳುವ "ಹತ್ತು ಪರ್ಸೆಂಟ್ ಉಳಿತಾಯ" ಆ ತಪ್ಪಿನೊಳಗೇ ಮುಳುಗಿಹೋಗುತ್ತದೆ. ಮೂರು ಸಲ ತುಂಬಿಸಿ ಸರಾಸರಿ ತೆಗೆಯಿರಿ.

ಪಿಕಪ್‌ಗೆ ಒಂದು ಏರು ಆರಿಸಿಕೊಳ್ಳಿ. ಕೋಥ್ರೂಡ್ ಕಡೆಯವರಿಗೆ ಚಾಂದನಿ ಚೌಕದ ಏರಿದೆ, ಸಾತಾರಾ ರಸ್ತೆಯವರಿಗೆ ಕಾತ್ರಜ್‌ನ ಹಳೆ ಘಾಟ್ ಇದೆ. ಬೆಳಗ್ಗೆ ಗದ್ದಲ ಇಲ್ಲದ ಹೊತ್ತಿನಲ್ಲಿ ಒಂದು ಗುರುತಿನಿಂದ ಶುರು ಮಾಡಿ, ಇನ್ನೊಂದು ಗುರುತಿಗೆ ಬಂದಾಗ ವೇಗ ಎಷ್ಟಿತ್ತು ನೋಡಿ. ವೇಗದ ಮಿತಿ ದಾಟುವ ಅಗತ್ಯವಿಲ್ಲ, ಏರಿನಲ್ಲಿ ಮೂವತ್ತು ನಲವತ್ತರಲ್ಲೇ ವ್ಯತ್ಯಾಸ ಕಾಣುತ್ತದೆ. ಗಾಡಿಯ ಮೀಟರ್ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಹಾಗಾಗಿ ಫೋನಿನ ಜಿಪಿಎಸ್ ದಾಖಲೆ ಹಾಕಿಟ್ಟು ಆಮೇಲೆ ನೋಡಿಕೊಳ್ಳಿ. ಪಾರ್ಟ್ ಹಾಕಿಸುವ ಮೊದಲೂ ಆಮೇಲೂ ಅದೇ ಸವಾರ, ಟೈರ್‌ನಲ್ಲಿ ಅಷ್ಟೇ ಹವಾ, ಡಿಕ್ಕಿಯಲ್ಲಿ ಅಷ್ಟೇ ಸಾಮಾನು.

ಎರಡನೆಯ ಹೆಜ್ಜೆ: ಗಾಡಿಯನ್ನು ಕಂಪನಿ ಕೊಟ್ಟ ಸ್ಥಿತಿಗೆ ತನ್ನಿ

ಪಿಕಪ್ ಇಲ್ಲ ಎಂದು ಸೈಲೆನ್ಸರ್ ಕೇಳಿಕೊಂಡು ಬರುವ ಗಾಡಿಗಳಲ್ಲಿ ಹೆಚ್ಚಿನವುಗಳ ರೋಗ ಎಡಗಡೆಯ ಕವರ್‌ನ ಒಳಗಿರುತ್ತದೆ. ಆ ಕವರ್ ಬಿಚ್ಚಿದರೆ ಮೊದಲು ಕಾಣುವುದು ಕಪ್ಪು ಹಿಟ್ಟಿನಂಥ ಧೂಳು, ಬೆಲ್ಟ್ ಮತ್ತು ಕ್ಲಚ್ ಶೂ ಸವೆದು ಉದುರಿದ್ದು. (ಬಾಯಿಂದ ಊದಬೇಡಿ, ಮಾಸ್ಕ್ ಹಾಕಿಕೊಂಡು ಬ್ರಶ್ಶಿನಿಂದ ತೆಗೆಯಬೇಕು.) ಕವರ್‌ನ ಒಳಗೆ ಮುಂಭಾಗದಲ್ಲಿರುವ, ಬೆಲ್ಟ್ ಸುತ್ತಿದ ಗಾಲಿಯಂಥ ಭಾಗವೇ ವೇರಿಯೇಟರ್. ಅದನ್ನು ಬಿಚ್ಚಿ ಕವುಚಿದರೆ ಸಣ್ಣ ಸಣ್ಣ ಉರುಳೆಗಳು ಕೈಗೆ ಬರುತ್ತವೆ, ಅವೇ ರೋಲರ್. ಎಂಜಿನ್ ತಿರುಗುವ ವೇಗ ಹೆಚ್ಚಿದಂತೆ ಇವು ಹೊರಕ್ಕೆ ಸರಿದು ಬೆಲ್ಟನ್ನು ಮೇಲಕ್ಕೆ ತಳ್ಳುತ್ತವೆ. ನಮ್ಮ ಸ್ಕೂಟರ್‌ಗೆ ಗೇರ್ ಎಂದರೆ ಇದೇ. ಹೊಸ ರೋಲರ್ ದುಂಡಗಿರುತ್ತದೆ. ಬಹಳ ಓಡಿದ ಗಾಡಿಯದನ್ನು ಹೆಬ್ಬೆರಳಿನಿಂದ ಉರುಳಿಸಿ ನೋಡಿ: ಒಂದು ಕಡೆ ಚಪ್ಪಟೆಯಾಗಿರುತ್ತದೆ, ಉಗುರಿಗೆ ಅಂಚು ಸಿಗುತ್ತದೆ. ಅಂಥ ರೋಲರ್ ಸರಾಗವಾಗಿ ಸರಿಯದೆ ನಿಂತು ನಿಂತು ಸರಿಯುತ್ತದೆ. ಸವಾರನಿಗೆ ಅದೇ ಜರ್ಕ್, ಅದೇ ಎಳೆತವಿಲ್ಲದ ಭಾವನೆ. ಬೆಲ್ಟ್‌ನ ಅಗಲವನ್ನು ವರ್ನಿಯರ್ ಎಂಬ ಅಳತೆಯ ಉಪಕರಣದಲ್ಲಿ ಅಳೆದು ಸರ್ವಿಸ್ ಪುಸ್ತಕದ ಮಿತಿಗೆ ಹೋಲಿಸಿ. ಸವೆದು ಕಿರಿದಾದ ಬೆಲ್ಟ್ ವೇರಿಯೇಟರ್‌ನ ತುದಿಯವರೆಗೆ ಏರಲಾರದು, ಆದ್ದರಿಂದ ಮೇಲಿನ ವೇಗವೂ ಬೀಳುತ್ತದೆ.

ರೋಲರ್, ಬೆಲ್ಟ್ ಎರಡನ್ನೂ ಕಂಪನಿಯ ತೂಕದಲ್ಲಿ, ಕಂಪನಿಯ ಅಳತೆಯಲ್ಲಿ ಬದಲಿಸಿ. ಜತೆಗೆ ಏರ್ ಫಿಲ್ಟರ್, ಪ್ಲಗ್, ಎಂಜಿನ್ ಆಯಿಲ್. ಬ್ರೇಕ್ ಎಳೆದುಕೊಂಡೇ ಓಡುತ್ತಿದೆಯೇ ಎಂದೂ ನೋಡಿ: ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಬಂದ್ ಮಾಡಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಬಿಗಿಯಾಗಿ ಉಜ್ಜುವ ಸದ್ದು ಬರಬಾರದು. ಇಷ್ಟು ಆದ ಮೇಲೆ ಮೊದಲಿನ ಏರಿಗೆ ಹೋಗಿ ಮತ್ತೆ ಅಳೆಯಿರಿ. ಬಹಳ ಮಂದಿಗೆ ಅಪ್‌ಗ್ರೇಡ್‌ನ ಆಸೆ ಇಲ್ಲಿಗೇ ತೀರುತ್ತದೆ.

ಆಯಿಲ್ ವಿಚಾರದಲ್ಲಿ ಒಂದು ಮಾತು. ಡಬ್ಬಿಯ ಮೇಲೆ ಜಾಸೊ (ಆಯಿಲ್‌ನ ಜಪಾನಿ ಮಾನದಂಡ) ಎಂಬಿ ಅಥವಾ ಎಂಎ ಎಂದು ಬರೆದಿರುತ್ತದೆ. ಸ್ಕೂಟರ್‌ನ ಕ್ಲಚ್ ಎಂಜಿನ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ, ಹಾಗಾಗಿ ಘರ್ಷಣೆ ಕಡಿಮೆ ಇರುವ ಎಂಬಿ ನಮಗೆ ಸರಿ. ಎಂಎ ಇರುವುದು ಕ್ಲಚ್ ಆಯಿಲ್‌ನಲ್ಲೇ ತಿರುಗುವ ಬೈಕ್‌ಗಳಿಗೆ. ದುಬಾರಿ ರೇಸಿಂಗ್ ಆಯಿಲ್ ಎಂದು ಬೈಕಿನ ಡಬ್ಬಿ ತಂದು ಸ್ಕೂಟರ್‌ಗೆ ಸುರಿಸಿದರೆ ಲಾಭ ಏನೂ ಇಲ್ಲ.

ಮೂರನೆಯ ಹೆಜ್ಜೆ: ಮೊದಲ ದುಡ್ಡು ಟೈರ್‌ಗೆ

ಒಂದೇ ಒಂದು ಪಾರ್ಟ್ ಬದಲಿಸುವ ಶಕ್ತಿ ಇದ್ದರೆ ಟೈರ್ ಬದಲಿಸಿ ಎನ್ನುತ್ತೇನೆ. ಗಾಡಿ ಏನೇ ಮಾಡಿದರೂ, ಓಡಿದರೂ ತಿರುಗಿದರೂ ನಿಂತರೂ, ಎರಡು ಅಂಗೈಯಷ್ಟು ರಬ್ಬರ್‌ನ ಮೇಲೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಮಳೆಯಲ್ಲಿ, ಮೊದಲ ಮಳೆಗೆ ಎಣ್ಣೆ ತೇಲುವ ರಸ್ತೆಯಲ್ಲಿ, ಸಿಂಹಗಡದ ಘಾಟ್ ಇಳಿಯುವಾಗ ಇದರ ಬೆಲೆ ಗೊತ್ತಾಗುತ್ತದೆ.

ಕೊಳ್ಳುವಾಗ ಟೈರ್‌ನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2325 ಎಂದಿದ್ದರೆ 2025ರ 23ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲೇ ವರ್ಷಗಟ್ಟಲೆ ಕೂತು ಗಟ್ಟಿಯಾದ ಟೈರನ್ನು ರಿಯಾಯಿತಿ ದರಕ್ಕೆ ಕೊಡುತ್ತೇವೆಂದರೂ ಬೇಡ. ಮೃದು ರಬ್ಬರ್‌ನ ಟೈರ್ ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ದಿನಕ್ಕೆ ಬಹಳ ಓಡಿಸುವ ಡೆಲಿವರಿ ಹುಡುಗರು ಮಾತ್ರ ಬಾಳಿಕೆಯ ಲೆಕ್ಕ ಹಾಕಬೇಕು, ಉಳಿದವರು ಹಿಡಿತ ನೋಡಲಿ.

ಅಗಲದ ಟೈರ್ ಕೇಳುವವರು ಸೈಜ್‌ನ ಲೆಕ್ಕ ತಿಳಿದಿರಬೇಕು. ಬಹಳ ಸ್ಕೂಟರ್‌ಗಳ ಹಿಂದಿನ ಟೈರ್ 90/100-10. ಮೊದಲನೆಯದು ಅಗಲ, 90 ಮಿಲಿಮೀಟರ್. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು, ಅಂದರೆ 90 ಮಿಲಿಮೀಟರೇ. ಕೊನೆಯದು ರಿಮ್‌ನ ಇಂಚು. ಇದರ ಬದಲಿಗೆ 100/90-10 ಹಾಕಿದರೆ ಅಗಲ 100, ಎತ್ತರ ಮಾತ್ರ ಮತ್ತೆ 90. ಚಕ್ರದ ಒಟ್ಟು ಎತ್ತರ ಬದಲಾಗದು. ಹಾಗೆಂದು ಕಣ್ಣು ಮುಚ್ಚಿ ಹಾಕಿಸಬೇಡಿ. ರಿಮ್‌ನ ಅಗಲ ಅದಕ್ಕೆ ಒಪ್ಪುತ್ತದೆಯೇ, ಎಂಜಿನ್ ಕೇಸ್‌ಗೂ ಮಡ್‌ಗಾರ್ಡ್‌ಗೂ ತಾಗದಷ್ಟು ಜಾಗ ಉಳಿಯುತ್ತದೆಯೇ ನೋಡಬೇಕು. ಇನ್ನು 100/100-10 ಹಾಕಿದರೆ ಚಕ್ರ 434ರಿಂದ 454 ಮಿಲಿಮೀಟರ್‌ಗೆ ಏರುತ್ತದೆ. ನೂರಕ್ಕೆ ನಾಲ್ಕೂವರೆಯಷ್ಟು ದೊಡ್ಡ ಚಕ್ರವನ್ನು ಅದೇ ಎಂಜಿನ್ ತಿರುಗಿಸಬೇಕು, ಪಿಕಪ್ ಅಷ್ಟೇ ಇಳಿಯುತ್ತದೆ. ದಪ್ಪ ಟೈರ್ ಹಾಕಿಸಿ ಗಾಡಿ ಭಾರ ಬರುತ್ತಿದೆ ಎನ್ನುವವರ ಸಮಸ್ಯೆಗೆ ಇದೂ ಒಂದು ಕಾರಣ. ನನ್ನ ಸಲಹೆ: ಕಂಪನಿಯ ಸೈಜ್ ಬಿಡಬೇಡಿ, ಒಳ್ಳೆಯ ರಬ್ಬರ್‌ಗೆ ಹೋಗಿ. ಹವಾ ವಾರಕ್ಕೊಮ್ಮೆ ನೋಡಿ, ಗಾಡಿಯ ಸ್ಟಿಕ್ಕರ್ ಹೇಳುವಷ್ಟು. ಹಿಂದೆ ಯಾರಾದರೂ ಕೂತಾಗಿನ ಅಂಕಿ ಬೇರೆಯೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ಬ್ರೇಕ್, ಶಾಕ್ ಅಬ್ಸಾರ್ಬರ್

2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕೋಂಬಿ ಬ್ರೇಕ್ ಕಡ್ಡಾಯವಾಗಿದೆ, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವವನ್ನು ಬಿಟ್ಟು. ನಮ್ಮ ಸ್ಕೂಟರ್‌ಗಳಲ್ಲಿ ಎಡಗೈ ಲಿವರ್ ಎಳೆದರೆ ಹಿಂದಿನದರ ಜತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಡ್ರಮ್ ಬ್ರೇಕ್‌ನ ಗಾಡಿಗೆ ಬೇರೆ ಗಾಡಿಯ ಫೋರ್ಕ್, ಹಬ್, ಡಿಸ್ಕ್ ತಂದು ಕೂಡಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಈ ಜೋಡಣೆ ತಪ್ಪುತ್ತದೆ. ಡಿಸ್ಕ್ ಬೇಕೇಬೇಕು ಎಂದರೆ ಗಾಡಿ ಕೊಳ್ಳುವಾಗಲೇ ಡಿಸ್ಕ್ ಇರುವ ಮಾಡೆಲ್ ಕೊಳ್ಳಿ. ಇರುವ ಡ್ರಮ್‌ಗೆ ಒರಿಜಿನಲ್ ಶೂ ಹಾಕಿಸಿ, ಡ್ರಮ್‌ನ ಒಳಗೋಡೆ ಒರೆಸಿ, ಕೇಬಲ್ ಹೊಸದು ಮಾಡಿ, ಲಿವರ್‌ನ ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಸಡಿಲು) ಸರಿಪಡಿಸಿ. ಗಾಡಿ ನಿಲ್ಲುವ ರೀತಿಯೇ ಬದಲಾಗುತ್ತದೆ.

ಶಾಕ್ ಅಬ್ಸಾರ್ಬರ್‌ಗೆ ಮಾತ್ರ ಹೊರಗಿನ ಒಳ್ಳೆಯ ಪಾರ್ಟ್‌ನಿಂದ ನಿಜವಾದ ಲಾಭ ಇದೆ. ಗ್ಯಾಸ್ ತುಂಬಿದ್ದರಲ್ಲಿ ಒಳಗಿನ ಎಣ್ಣೆ ಬೇಗ ನೊರೆಗಟ್ಟುವುದಿಲ್ಲ, ಉದ್ದಕ್ಕೂ ಗುಂಡಿ ಬಿದ್ದ ರಸ್ತೆಯಲ್ಲಿ ಹಿಡಿತ ಉಳಿಯುತ್ತದೆ. ಆದರೆ ಉದ್ದ ಕಂಪನಿಯಷ್ಟೇ ಇರಲಿ. ಉದ್ದ ಹೆಚ್ಚಿದರೆ ಹಿಂಭಾಗ ಎದ್ದು, ಸ್ಟ್ಯಾಂಡ್ ಹಾಕಿದಾಗ ಗಾಡಿ ವಾಲುತ್ತದೆ. ಮೊದಲು ಈಗಿರುವುದನ್ನು ಪರೀಕ್ಷಿಸಿ: ಸೀಟಿನ ಹಿಂಭಾಗ ಒತ್ತಿ ಬಿಟ್ಟರೆ ಗಾಡಿ ಒಮ್ಮೆ ಎದ್ದು ನಿಲ್ಲಬೇಕು. ಎರಡು ಮೂರು ಸಲ ಕುಪ್ಪಳಿಸಿದರೆ, ಅಥವಾ ರಾಡ್‌ನ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಅದರ ಕಾಲ ಮುಗಿದಿದೆ. ಚೆನ್ನಾಗಿದ್ದರೆ, ಬಿಗಿ ಮಾಡುವ ಹಂತಗಳು ನಿಮ್ಮ ಗಾಡಿಯಲ್ಲಿವೆಯೇ ನೋಡಿ. ಜೋಡಿ ಸವಾರಿಗೆ ಒಂದು ಹಂತ ಏರಿಸಿದರೆ ಸಾಕಾಗುವುದುಂಟು, ಖರ್ಚಿಲ್ಲ.

ಐದನೆಯ ಹೆಜ್ಜೆ: ಬೆಳಕು

ಹ್ಯಾಲೊಜನ್ ಬಲ್ಬಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು 35/35 ವಾಟ್‌ನ ಎಚ್‌ಎಸ್1. ಅದರ ತಂತಿ ಎಲ್ಲಿ ಉರಿಯುತ್ತದೋ ಆ ಬಿಂದುವಿಗೆ ಸರಿಯಾಗಿ ಬಲ್ಬಿನ ಹಿಂದಿರುವ ರಿಫ್ಲೆಕ್ಟರ್‌ನ ಬಾಗು ಮಾಡಿರುತ್ತಾರೆ. ಅಲ್ಲಿಗೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬೇರೆಯಾಗಿ, ರಸ್ತೆಗೆ ಬೀಳಬೇಕಾದ್ದು ಎದುರು ಬರುವವರ ಕಣ್ಣಿಗೆ ಬೀಳುತ್ತದೆ. ಗೋಡೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ, ದೂರದ ಗುಂಡಿ ಕಾಣುವುದಿಲ್ಲ. ಮಳೆಯ ರಾತ್ರಿ ನೀಲಿ ಛಾಯೆಯ ಬೆಳಕಿನಲ್ಲಿ ಒದ್ದೆ ರಸ್ತೆ ಇನ್ನೂ ಕಷ್ಟ. ಹೆಚ್ಚು ವಾಟ್‌ನ ಹ್ಯಾಲೊಜನ್ ಹಾಕಿದರೆ ಹೋಲ್ಡರ್ ಕರಗುತ್ತದೆ. ಹಾಗೆ ಕರಗಿ ವಾಸನೆ ಬರುತ್ತಿದ್ದ ಹೋಲ್ಡರ್‌ಗಳನ್ನು ಕಿತ್ತು ತೆಗೆದಿದ್ದೇನೆ.

ಸರಿಯಾದ ದಾರಿ: ಮಂಕಾದ ಗ್ಲಾಸ್ ಬದಲಿಸಿ, ಒಳ್ಳೆಯ ಕಂಪನಿಯ ಅದೇ ವಾಟ್‌ನ ಬಲ್ಬ್ ಹಾಕಿ, ಕನೆಕ್ಟರ್‌ನ ತುಕ್ಕು ಒರೆಸಿ. ಆಮೇಲೆ ಗಾಡಿಯ ಮೇಲೆ ಕೂತು, ಹತ್ತು ಮೀಟರ್ ದೂರದ ಗೋಡೆಗೆ ಡಿಮ್ ಬಿಟ್ಟು ನೋಡಿ. ಬೆಳಕಿನ ಮೇಲಿನ ಅಂಚು ಹೆಡ್‌ಲೈಟ್‌ನ ಎತ್ತರಕ್ಕಿಂತ ಸ್ವಲ್ಪ ಕೆಳಗಿರಬೇಕು.

ಆರನೆಯ ಹೆಜ್ಜೆ: ಇಷ್ಟಾದ ಮೇಲೆ ಎಂಜಿನ್ ಪಾರ್ಟ್‌ಗಳ ಲೆಕ್ಕ

110 ಸಿಸಿ ಸ್ಕೂಟರ್‌ನ ಶಕ್ತಿ ಎಂಟು ಪಿಎಸ್ (ಹೆಚ್ಚುಕಡಿಮೆ ಹಾರ್ಸ್‌ಪವರ್) ಆಸುಪಾಸು. ಸೈಲೆನ್ಸರ್ ಮತ್ತು ಫಿಲ್ಟರ್ ಸೇರಿ ನೂರಕ್ಕೆ ಐದು ಹೆಚ್ಚಿಸಿತು ಎಂದೇ ಇಟ್ಟುಕೊಳ್ಳೋಣ. ಅಂದರೆ 0.4 ಪಿಎಸ್. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ, ಗಂಟೆಗೆ 85 ಕಿಲೋಮೀಟರ್ ಓಡುತ್ತಿದ್ದ ಗಾಡಿಗೆ ಇದರಿಂದ ಸಿಗುವುದು ಗಂಟೆಗೆ ಒಂದೂವರೆ ಕಿಲೋಮೀಟರ್ ಆಸುಪಾಸು. ಇನ್ನು ಅದೇ ಗಾಡಿಗೆ ಸುತ್ತಲೂ ಎಂಟು ಕಿಲೋ ತೂಗುವ ಕ್ರ್ಯಾಶ್ ಗಾರ್ಡ್ ಕಟ್ಟಿಸಿದ್ದರೆ? ಗಾಡಿ 106 ಕಿಲೋ, ಸವಾರ 70 ಕಿಲೋ, ಒಟ್ಟು 176ಕ್ಕೆ ಎಂಟು ಸೇರಿದರೆ ತೂಕ ನಾಲ್ಕೂವರೆ ಪರ್ಸೆಂಟ್ ಏರಿತು. ಸೈಲೆನ್ಸರ್ ಕೊಟ್ಟ ಪಿಕಪ್‌ನ ಬಹುಪಾಲನ್ನು ಗಾರ್ಡ್ ತಿಂದಿತು, ಎರಡಕ್ಕೂ ದುಡ್ಡು ಹೋಯಿತು.

ಫಿಲ್ಟರ್‌ನ ವಿಷಯ ಇನ್ನೂ ಸರಳ. ಊರೊಳಗೆ ನಾವು ಓಡಿಸುವುದು ಅರ್ಧಂಬರ್ಧ ಆ್ಯಕ್ಸಿಲರೇಟರ್‌ನಲ್ಲಿ. ಆಗ ಗಾಳಿಯನ್ನು ತಡೆಯುತ್ತಿರುವುದು ಥ್ರಾಟಲ್‌ನ ಮುಚ್ಚಳ, ಫಿಲ್ಟರ್ ಅಲ್ಲ. ಸಡಿಲ ಜಾಲರಿಯ ಫಿಲ್ಟರ್ ಹಾಕಿದರೆ ಗಾಳಿಯ ಲಾಭ ಸಿಗದು, ರಸ್ತೆಯ ಧೂಳು ಮಾತ್ರ ಸಿಲಿಂಡರ್‌ಗೆ ಹೋಗುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಸೈಲೆನ್ಸರ್ ಬರೀ ಕೊಳವೆಯಲ್ಲ. ಅದರ ದಾರಿಯಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಆಕ್ಸಿಜನ್ ಸೆನ್ಸರ್ ಇದೆ. ಆ ಸೆನ್ಸರ್ ನೋಡಿಕೊಂಡೇ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್) ಪೆಟ್ರೋಲ್‌ನ ಅಳತೆ ಹಾಕುತ್ತದೆ. ಸೆನ್ಸರ್‌ಗೆ ಜಾಗವೇ ಇಲ್ಲದ ಸೈಲೆನ್ಸರ್ ಕೂಡಿಸಿದರೆ ಮೀಟರ್‌ನಲ್ಲಿ ಎಂಜಿನ್ ದೀಪ ಹತ್ತುತ್ತದೆ, ಪೆಟ್ರೋಲ್ ಲೆಕ್ಕ ತಪ್ಪುತ್ತದೆ, ಆವರೇಜ್ ಇಳಿಯುತ್ತದೆ.

ಹಗುರ ರೋಲರ್ ನಿಜವಾಗಿಯೂ ಕೆಲಸ ಮಾಡುತ್ತದೆ, ಇದನ್ನು ಒಪ್ಪಬೇಕು. ಬೆಲ್ಟ್ ತಡವಾಗಿ ಏರುವುದರಿಂದ ಎಂಜಿನ್ ಹೆಚ್ಚು ತಿರುಗಿ ಎಳೆತ ಚುರುಕಾಗುತ್ತದೆ. ದಿನವೂ ಘಾಟ್ ಹತ್ತುವವರಿಗೆ, ಇಬ್ಬರು ಕೂತು ಹೋಗುವವರಿಗೆ ಉಪಯೋಗವಿದೆ. ಆದರೆ ಎಂಜಿನ್ ಅರಚುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಮೇಲಿನ ವೇಗ ಏರುವುದಿಲ್ಲ. ಹಾಕಿಸುವುದಾದರೆ ಕಂಪನಿಯ ತೂಕಕ್ಕಿಂತ ಸ್ವಲ್ಪವೇ ಕಡಿಮೆ ಇರಲಿ.

ಇರಿಡಿಯಂ ಪ್ಲಗ್ ಹೆಚ್ಚು ಬಾಳುತ್ತದೆ, ಶಕ್ತಿ ಕೊಡುವುದಿಲ್ಲ. ಆವರೇಜ್ ಏರುತ್ತದೆಂದು ಪೆಟ್ರೋಲ್ ಪೈಪ್‌ಗೆ ಕಟ್ಟುವ ಅಯಸ್ಕಾಂತ ಶುದ್ಧ ವ್ಯರ್ಥ, ಪೆಟ್ರೋಲ್ ಅಯಸ್ಕಾಂತಕ್ಕೆ ಜಗ್ಗುವ ವಸ್ತುವೇ ಅಲ್ಲ. 100 ಆಕ್ಟೇನ್ ಪೆಟ್ರೋಲ್ ಹೆಚ್ಚು ಒತ್ತಡದ ದೊಡ್ಡ ಎಂಜಿನ್‌ಗಳಿಗೆ, ನಮ್ಮ ಸ್ಕೂಟರ್‌ಗಲ್ಲ.

ಏಳನೆಯ ಹೆಜ್ಜೆ: ಕಾನೂನು, ಇನ್ಶೂರೆನ್ಸ್

ಪ್ರತಿ ಮಾಡೆಲ್ ಮಾರುಕಟ್ಟೆಗೆ ಬರುವ ಮೊದಲು ಪರೀಕ್ಷೆ ಪಾಸಾಗಬೇಕು. ಅಂಥ ಪರೀಕ್ಷೆ ಮಾಡುವ ದೊಡ್ಡ ಸಂಸ್ಥೆಗಳಲ್ಲೊಂದಾದ ಎಆರ್‌ಎಐ 1966ರಿಂದ ನಮ್ಮ ಪುಣೆಯಲ್ಲೇ ಇದೆ, ಕೋಥ್ರೂಡ್ ಬಳಿಯ ಗುಡ್ಡದ ಮೇಲೆ. ಅಲ್ಲಿ ಪಾಸಾಗುವುದು ಕಂಪನಿಯ ಸೈಲೆನ್ಸರ್, ಬ್ರೇಕ್, ದೀಪ ಕೂಡಿದ ಗಾಡಿ. 80ರಿಂದ 175 ಸಿಸಿವರೆಗಿನ ದ್ವಿಚಕ್ರಕ್ಕೆ ಸದ್ದಿನ ಮಿತಿ 77 ಡೆಸಿಬೆಲ್. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. 182ಎ ಕಲಮಿನ ಪ್ರಕಾರ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಸದ್ದು, ಹೊಗೆಗೆ 190ನೆಯ ಕಲಮಿನಲ್ಲಿ ದಂಡ 10,000 ರೂಪಾಯಿವರೆಗೆ ಹೋಗುತ್ತದೆ. ಚಂದ ಕಾಣಲೆಂದು ಸೀರೆ ಗಾರ್ಡ್, ಹಿಂದೆ ಕೂತವರ ಹಿಡಿಕೆ ಕಿತ್ತುಹಾಕುವುದೂ ನಿಯಮಕ್ಕೆ ವಿರುದ್ಧ. ಹಿಂದೆ ಕೂರುವ ನಿಮ್ಮ ಅವ್ವನ ಸೆರಗು, ಅಕ್ಕನ ದುಪಟ್ಟಾ ಚಕ್ರಕ್ಕೆ ಸಿಗದಂತೆ ಕಾಯುವುದು ಆ ಗಾರ್ಡೇ.

ವಾರಂಟಿ ಇರುವ ಗಾಡಿಯಾದರೆ ಎಂಜಿನ್ ಮತ್ತು ವೈರಿಂಗ್‌ಗೆ ಕೈ ಹಚ್ಚಬೇಡಿ. ಹೆಚ್ಚಿನ ಪಾರ್ಟ್ ಹಾಕಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ಬರುತ್ತದೆ.

ಹಾಕಿಸುವ ದಿನ

ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಿ. ಟೈರ್, ರೋಲರ್, ಪ್ಲಗ್ ಮೂರನ್ನೂ ಒಟ್ಟಿಗೆ ಹಾಕಿಸಿದರೆ ಯಾವುದರಿಂದ ಏನಾಯಿತು ಎಂದು ಯಾರೂ ಹೇಳಲಾರರು. ಬಾಕ್ಸ್ ನಿಮ್ಮ ಎದುರಿಗೇ ಒಡೆಸಿ, ಎಂಆರ್‌ಪಿ ಲೇಬಲ್, ಪಾರ್ಟ್ ನಂಬರ್ ನೋಡಿ, ಬಿಲ್ ಕೇಳಿ ಪಡೆಯಿರಿ. ಕಂಪನಿಯ ಹೆಸರಿನ ಡುಪ್ಲಿಕೇಟ್ ಬೆಲ್ಟ್, ಬ್ರೇಕ್ ಶೂ ಸಾಕಷ್ಟು ಓಡಾಡುತ್ತವೆ. ತೆಗೆದ ಹಳೆಯ ಪಾರ್ಟ್ ಅಲ್ಲೇ ಬಿಟ್ಟು ಬರಬೇಡಿ. ಅದು ಸರಿ ಇದ್ದರೆ ಗಾಡಿ ಮಾರುವಾಗ ಬೇಕಾಗುತ್ತದೆ, ಹೊಸದು ಹೊಂದದಿದ್ದರೆ ಮರಳಿ ಹಾಕಲೂ ಬೇಕು.

ಹೊಸ ಟೈರ್‌ನ ಮೇಲ್ಮೈ ಮೊದಲ ನೂರು ಕಿಲೋಮೀಟರ್ ಜಾರುತ್ತದೆ, ತಿರುವಿನಲ್ಲಿ ವಾಲಿಸಬೇಡಿ. ಹೊಸ ಬ್ರೇಕ್ ಶೂ ಡ್ರಮ್‌ಗೆ ಹೊಂದಿಕೊಳ್ಳಲೂ ಕೆಲವು ದಿನ ಬೇಕು, ಅಲ್ಲಿಯವರೆಗೆ ಮುಂದಿನ ಗಾಡಿಯಿಂದ ದೂರ ಬಿಡಿ. ಅಷ್ಟರಲ್ಲಿ ಒಮ್ಮೆ ಬಂದು ಚಕ್ರದ ನಟ್, ಶಾಕ್ ಅಬ್ಸಾರ್ಬರ್‌ನ ಬೋಲ್ಟ್ ಮತ್ತೆ ಬಿಗಿ ಮಾಡಿಸಿಕೊಳ್ಳಿ. ಆಮೇಲೆ ಅದೇ ಬಂಕ್, ಅದೇ ಏರು, ಹಳೆಯ ಅಂಕಿ ಬರೆದ ಅದೇ ಚೀಟಿ. ಪಕ್ಕದಲ್ಲಿ ಹೊಸ ಅಂಕಿ ಬರೆಯಿರಿ. ಬದಲಾಗಿದ್ದರೆ ಪಾರ್ಟ್ ಇರಲಿ, ಬದಲಾಗದಿದ್ದರೆ ಬಿಲ್ ತೆಗೆದುಕೊಂಡು ಅಂಗಡಿಗೆ ಹೋಗಿ.